ಸಾಕ್ಷಿಯ ಹೊಣೆ: ಯುದ್ಧ ಛಾಯಾಗ್ರಾಹಕ ಡಾನ್ ಮೆಕ್ಕಲಿನ್

(ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಯುದ್ಧದ ಚಿತ್ರಗಳಿಗೆ ಇಂದು ಬರವಿಲ್ಲ. ಬೆಳಗಿನ ಚಹಾ ಮುಗಿಯುವ ಮುನ್ನವೇ ಅವು ನಮ್ಮ ಅಂಗೈಯ ಮೊಬೈಲಿಗೆ ಬಂದು ಬಿದ್ದಿರುತ್ತವೆ. ಉರುಳಿದ ಮನೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗು, ಎದೆ ಬಡಿದುಕೊಂಡು ಅಳುವ ತಾಯಿ. ನಾವು ನೋಡುತ್ತೇವೆ, ನಿಟ್ಟುಸಿರು ಬಿಡುತ್ತೇವೆ, ಪರಿಚಿತರ ಗುಂಪುಗಳಿಗೆ ಕಳುಹಿಸುತ್ತೇವೆ, ಬಳಿಕ ಅಂಗಡಿಯ ಬಾಗಿಲು ತೆರೆಯಲು ಹೊರಡುತ್ತೇವೆ. ಆ ಚಿತ್ರ ಯಾವ ಊರಿನದು, ಯಾವ ವರ್ಷದ್ದು, ಅದನ್ನು ತೆಗೆದವರು ಯಾರು, ಅದರೊಳಗಿನ ತಾಯಿಯನ್ನು ಯಾರಾದರೂ ಒಂದು ಮಾತು ಕೇಳಿದ್ದರೇ ಎಂಬ ಪ್ರಶ್ನೆಗಳು ನಮ್ಮಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ.

ಈ ಪ್ರಶ್ನೆಗಳ ಭಾರವನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಹೊತ್ತು ನಡೆದ ಒಬ್ಬ ವ್ಯಕ್ತಿಯ ಕುರಿತು ಇಂದು ಮಾತನಾಡಲು ನಾವು ಬಯಸುತ್ತೇವೆ. ಅವರು ಬ್ರಿಟನ್ನಿನ ಡಾನ್ ಮೆಕ್ಕಲಿನ್. ಸೈಪ್ರಸ್, ಕಾಂಗೋ, ವಿಯೆಟ್ನಾಂ, ಬಿಯಾಫ್ರಾ, ಕಾಂಬೋಡಿಯಾ, ಉತ್ತರ ಐರ್ಲೆಂಡ್, ಲೆಬನಾನ್ ಹೀಗೆ ಇಪ್ಪತ್ತನೇ ಶತಮಾನದ ಉತ್ತರಾರ್ಧದ ಅನೇಕ ಯುದ್ಧಗಳನ್ನು ಜಗತ್ತು ಅವರ ಕಣ್ಣಿನ ಮೂಲಕ ಕಂಡಿತು. ಆದರೆ ಯುದ್ಧ ಛಾಯಾಗ್ರಾಹಕ ಎಂಬ ಬಿರುದನ್ನು ಅವರು ಎಂದೂ ಇಷ್ಟಪಡಲಿಲ್ಲ. ಯಾಕೆ? ಈ ಪ್ರಶ್ನೆಗೆ ಉತ್ತರ ಅವರ ಬದುಕಿನಲ್ಲಿದೆ.

ಬಡತನದಿಂದ ಬಂದ ಕಣ್ಣು

ಮೆಕ್ಕಲಿನ್ 1935ರ ಅಕ್ಟೋಬರ್‌ನಲ್ಲಿ ಜನಿಸಿದರು. ಬೆಳೆದದ್ದು ಉತ್ತರ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಎಂಬ ಬಡವರ ವಸತಿಯಲ್ಲಿ. ಎರಡನೇ ಮಹಾಯುದ್ಧದ ಬಾಂಬ್ ದಾಳಿಯ ಕಾಲದಲ್ಲಿ ನಗರದ ಸಾವಿರಾರು ಮಕ್ಕಳಂತೆ ಅವರನ್ನೂ ಹಳ್ಳಿಗೆ ಸಾಗಿಸಲಾಯಿತು. ತಂದೆ ದೀರ್ಘ ಕಾಲದ ರೋಗಿ. ಮಗ ಹದಿಹರೆಯಕ್ಕೆ ಕಾಲಿಡುವಷ್ಟರಲ್ಲಿ ಅವರು ತೀರಿಕೊಂಡರು. ಅಕ್ಷರಗಳನ್ನು ಓದುವುದೇ ಆ ಹುಡುಗನಿಗೆ ಕಷ್ಟವಾಗುತ್ತಿತ್ತು. ಹದಿನೈದರ ಹರೆಯದಲ್ಲಿ ಶಾಲೆ ಬಿಟ್ಟು ಮನೆಯ ಹೊಣೆಗೆ ಹೆಗಲು ಕೊಟ್ಟಾಯಿತು. ಕಡ್ಡಾಯ ಸೈನಿಕ ಸೇವೆಗಾಗಿ ವಾಯುಪಡೆ ಸೇರಿದಾಗ ಛಾಯಾಚಿತ್ರ ವಿಭಾಗದಲ್ಲಿ ಸಹಾಯಕನ ಕೆಲಸ ದೊರೆಯಿತು. ಆದರೆ ಛಾಯಾಗ್ರಾಹಕನಾಗಲು ಬರೆಯಬೇಕಾಗಿದ್ದ ಲಿಖಿತ ಪರೀಕ್ಷೆಯಲ್ಲಿ ಅವರು ಉತ್ತೀರ್ಣರಾಗಲಿಲ್ಲ. ಮುಂದೆ ಜಗತ್ತಿನ ಶ್ರೇಷ್ಠ ಛಾಯಾಗ್ರಾಹಕರ ಸಾಲಿನಲ್ಲಿ ನಿಂತ ವ್ಯಕ್ತಿಗೆ ಕಾಗದದ ಮೇಲೆ ಆ ಅರ್ಹತೆಯೇ ಇರಲಿಲ್ಲ ಎಂಬುದನ್ನು, ಅಂಕಪಟ್ಟಿಗಳಿಂದ ಮಾತ್ರ ಮಕ್ಕಳನ್ನು ಅಳೆಯುವ ಹೆತ್ತವರು ಗಮನಿಸಬೇಕು.

ಆ ಸೇವೆಯ ಅವಧಿಯಲ್ಲಿ ಅವರೊಂದು ರೋಲಿಕಾರ್ಡ್ ಕ್ಯಾಮರಾ ಕೊಂಡಿದ್ದರು. ಊರಿಗೆ ಮರಳಿದ ಮೇಲೆ ಹಣದ ಅಡಚಣೆಯಿಂದ ಅದನ್ನು ಗಿರವಿ ಇಟ್ಟರು. ತಾಯಿ ತನ್ನ ಹಣ ಕೊಟ್ಟು ಅದನ್ನು ಬಿಡಿಸಿ ತಂದರು. ಆ ತಾಯಿ ಹಾಗೆ ಮಾಡದಿರುತ್ತಿದ್ದರೆ ಇಂದು ನಾವು ಈ ಹೆಸರನ್ನು ಕೇಳುತ್ತಲೇ ಇರಲಿಲ್ಲವೇನೋ.

1958ರಲ್ಲಿ ಅವರು ತಮ್ಮದೇ ಬೀದಿಯ ಪುಂಡ ಯುವಕರ ಗುಂಪೊಂದನ್ನು ಬಾಂಬ್ ದಾಳಿಯಿಂದ ಪಾಳುಬಿದ್ದ ಕಟ್ಟಡದಲ್ಲಿ ನಿಲ್ಲಿಸಿ ಚಿತ್ರ ತೆಗೆದರು. ಆ ಪರಿಸರದಲ್ಲಿ ಪೊಲೀಸ್ ಸಿಬ್ಬಂದಿಯೊಬ್ಬರ ಕೊಲೆ ನಡೆದಾಗ ಚಿತ್ರಕ್ಕೆ ಸುದ್ದಿಯ ಮೌಲ್ಯ ಬಂತು. 1959ರ ಫೆಬ್ರವರಿಯಲ್ಲಿ ಲಂಡನ್ನಿನ 'ಅಬ್ಸರ್ವರ್' ಪತ್ರಿಕೆ ಅದನ್ನು ಪ್ರಕಟಿಸಿತು. 1961ರಲ್ಲಿ ಬರ್ಲಿನ್ ಗೋಡೆ ಏಳುತ್ತಿರುವ ಸುದ್ದಿ ತಿಳಿದಾಗ ಯಾವ ಪತ್ರಿಕೆಯೂ ಕಳುಹಿಸದಿದ್ದರೂ ಅವರು ಸ್ವಂತ ಖರ್ಚಿನಲ್ಲಿ ಅಲ್ಲಿಗೆ ತೆರಳಿದರು. ವೃತ್ತಿಯ ಬಾಗಿಲು ತೆರೆದದ್ದು ಹೀಗೆ.

ಸೈಪ್ರಸ್: ಅನುಮತಿಯ ಪಾಠ

ಅವರ ಮೊದಲ ಯುದ್ಧ 1964ರ ಸೈಪ್ರಸ್. 1960ರಲ್ಲಿ ಸ್ವತಂತ್ರವಾದ ಆ ಪುಟ್ಟ ದ್ವೀಪದಲ್ಲಿ ಗ್ರೀಕರು ಮತ್ತು ತುರ್ಕರು ಸೇರಿ ನಡೆಸಬೇಕಾಗಿದ್ದ ಆಡಳಿತ ಮೂರೇ ವರ್ಷಗಳಲ್ಲಿ ಮುರಿದುಬಿತ್ತು. ನೆರೆಹೊರೆಯವರು ಪರಸ್ಪರ ಬಂದೂಕು ಎತ್ತಿದರು. ಅಲ್ಪಸಂಖ್ಯಾತರಾಗಿದ್ದ ತುರ್ಕರ ಹಳ್ಳಿಗಳು ದಾಳಿಗೊಳಗಾದವು. ಹಳ್ಳಿಯೊಂದರ ಮನೆಯನ್ನು ಮೆಕ್ಕಲಿನ್ ಹೊಕ್ಕಾಗ ನೆಲದ ಮೇಲೆ ಶವಗಳಿದ್ದವು. ಅಷ್ಟರಲ್ಲಿ ಮನೆಯವರು ಬಂದರು. ಅಪರಿಚಿತನೊಬ್ಬ ಕ್ಯಾಮರಾ ಹಿಡಿದು ತಮ್ಮ ಸತ್ತವರ ಬಳಿ ನಿಂತಿದ್ದಾನೆ! ಅವರು ಕೋಪಿಸಿಕೊಂಡು ಹೊರದಬ್ಬಿದ್ದರೂ ಯಾರೂ ತಪ್ಪೆನ್ನುವಂತಿರಲಿಲ್ಲ. ಮೆಕ್ಕಲಿನ್ ಚಿತ್ರ ತೆಗೆಯಬಹುದೇ ಎಂದು ಕೇಳಿದರು. ಅವರು ಒಪ್ಪಿದರು. ತಮಗಾದುದನ್ನು ಹೊರಗಿನವರು ಅರಿಯಲಿ ಎಂಬುದು ಆ ಕುಟುಂಬದ ಇಚ್ಛೆಯಾಗಿತ್ತು.

ಅದೇ ದಿನಗಳಲ್ಲಿ ಘಾಝಿವೆರನ್ ಎಂಬ ಹಳ್ಳಿಯಲ್ಲಿ, ಗಂಡನನ್ನು ಕಳೆದುಕೊಂಡು ಗೋಳಿಡುತ್ತಿರುವ ತುರ್ಕಿ ಮಹಿಳೆಯ ಚಿತ್ರವನ್ನು ಅವರು ತೆಗೆದರು. 1964ರ ವರ್ಷದ ವಿಶ್ವ ಪತ್ರಿಕಾ ಛಾಯಾಚಿತ್ರ ಪ್ರಶಸ್ತಿ ಅದಕ್ಕೆ ಸಂದಿತು. ಅದಕ್ಕಿಂತ ನಮಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಚಿತ್ರ. ಅದು ಅವರು ತೆಗೆದದ್ದಲ್ಲ, ಅವರನ್ನೇ ಬೇರೊಬ್ಬ ಛಾಯಾಗ್ರಾಹಕ ಸೆರೆಹಿಡಿದದ್ದು. ನಡೆಯಲಾಗದ ತುರ್ಕಿ ವೃದ್ಧೆಯೊಬ್ಬರನ್ನು ಮೆಕ್ಕಲಿನ್ ತೋಳಿನಲ್ಲೆತ್ತಿಕೊಂಡು ಓಡುತ್ತಿದ್ದಾರೆ. ಕ್ಯಾಮರಾವನ್ನು ಯಾವಾಗ ಎತ್ತಬೇಕು ಎಂಬುದನ್ನು ಯಾವ ತರಬೇತಿ ಕೇಂದ್ರವೂ ಕಲಿಸೀತು. ಯಾವಾಗ ಬದಿಗಿಡಬೇಕು ಎಂಬುದನ್ನು ಕಲಿಸುವುದು ಮನುಷ್ಯನ ಅಂತಃಕರಣ ಮಾತ್ರ.

ಬಿಯಾಫ್ರಾ: ಹಸಿದ ಮಗುವಿನ ಮುಂದೆ

ಆರಂಭದ ವರ್ಷಗಳಲ್ಲಿ ಯುದ್ಧದ ರೋಮಾಂಚನ ತನ್ನನ್ನು ಸೆಳೆದಿತ್ತು ಎಂಬುದನ್ನು ಮೆಕ್ಕಲಿನ್ ಮುಚ್ಚಿಡಲಿಲ್ಲ. ಆ ಅಮಲನ್ನು ಇಳಿಸಿದ್ದು ಬಿಯಾಫ್ರಾ. ನೈಜೀರಿಯಾದಿಂದ ಬೇರ್ಪಟ್ಟು ಸ್ವತಂತ್ರ ರಾಷ್ಟ್ರವೆಂದು ಘೋಷಿಸಿಕೊಂಡ ಆ ಪ್ರದೇಶದ ಮೇಲೆ 1967ರಿಂದ 1970ರವರೆಗೆ ಯುದ್ಧ ನಡೆಯಿತು. ಸರಕಾರ ದಿಗ್ಬಂಧನ ಹೇರಿತು. ಗುಂಡಿಗೆ ಸತ್ತವರಿಗಿಂತ ಹಸಿವಿಗೆ ಸತ್ತವರೇ ಹೆಚ್ಚು.

ಶಿಬಿರವಾಗಿ ಮಾರ್ಪಟ್ಟಿದ್ದ ಶಾಲೆಯೊಂದರಲ್ಲಿ ಅವರು ನೂರಾರು ಮಕ್ಕಳು ಸಾಯುತ್ತಿರುವುದನ್ನು ಕಂಡರು. ಅವರ ನಡುವೆ ಬಿಳಿಚರ್ಮದ ರೋಗವಿದ್ದ ಒಬ್ಬ ಬಾಲಕನಿದ್ದ. ಹಸಿವೆ ಸಾಲದೆಂಬಂತೆ, ಬಣ್ಣದ ಕಾರಣಕ್ಕಾಗಿ ಇತರ ಮಕ್ಕಳ ತಿರಸ್ಕಾರವನ್ನೂ ಅವನು ಉಣ್ಣಬೇಕಾಗಿತ್ತು. ಅವನ ಕೈಯಲ್ಲಿ ಮಾಂಸದ ಖಾಲಿ ಡಬ್ಬಿಯೊಂದಿತ್ತು. ಮೆಕ್ಕಲಿನ್ ಅತ್ತ ನೋಡದಿರಲು ಯತ್ನಿಸಿದರು. ಸ್ವಲ್ಪ ಹೊತ್ತಿನಲ್ಲಿ ತಮ್ಮ ಕೈಯನ್ನು ಏನೋ ಮುಟ್ಟಿದಂತಾಗಿ ತಿರುಗಿದರೆ, ಆ ಬಾಲಕ ಬಂದು ಮೆಲ್ಲನೆ ಅವರ ಕೈ ಹಿಡಿದುಕೊಂಡಿದ್ದ. ಜೇಬಿನಲ್ಲಿದ್ದ ಒಂದು ಮಿಠಾಯಿಯನ್ನು ಅವರು ಅವನಿಗಿತ್ತರು. ಅವನು ಸ್ವಲ್ಪ ದೂರ ಸರಿದು ನಿಂತು ಅದನ್ನು ನೆಕ್ಕತೊಡಗಿದ. ಅವರಿಂದಾದುದು ಅಷ್ಟೇ.

ಇಂತಹ ಸಂದರ್ಭದಲ್ಲಿ ಚಿತ್ರ ತೆಗೆಯುವುದು ಸರಿಯೇ? ಆ ಮಗುವಿಗೆ ಬೇಕಾಗಿದ್ದುದು ಅನ್ನವೇ ಹೊರತು ಚಿತ್ರವಲ್ಲ. ಈ ಆಕ್ಷೇಪವನ್ನು ಯಾರೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೆಕ್ಕಲಿನ್ ಕೂಡ ತಳ್ಳಿಹಾಕಲಿಲ್ಲ. ಆ ಮಗುವಿನ ಮುಖ ತನ್ನನ್ನು ಬಿಟ್ಟುಹೋಗಲಿಲ್ಲವೆಂದು ಅವರು ಹಲವು ಬಾರಿ ಹೇಳಿದ್ದಾರೆ. ಆದರೆ ಅಂದು ಅವರು ಕಣ್ಣು ಮುಚ್ಚಿ ಹಿಂತಿರುಗಿದ್ದರೆ ಆ ಬಾಲಕ ಲೆಕ್ಕದಲ್ಲಿ ಒಂದು ಅಂಕಿಯಾಗಿಯೂ ಉಳಿಯುತ್ತಿರಲಿಲ್ಲ. ದಿಗ್ಬಂಧನ ಹೇರಿದವರಿಗೂ, ಅವರಿಗೆ ಶಸ್ತ್ರಾಸ್ತ್ರ ಮಾರುತ್ತಿದ್ದ ಬ್ರಿಟಿಷ್ ಸರಕಾರಕ್ಕೂ ಹಿತವೆನಿಸುತ್ತಿದ್ದುದು ಆ ಮೌನವೇ ಆಗಿತ್ತು.

ಹ್ಯೂ ನಗರ: ಸಾಕ್ಷ್ಯವನ್ನು ಜೋಡಿಸಿದಾಗ

1968ರ ಆರಂಭದಲ್ಲಿ ವಿಯೆಟ್ನಾಮಿನ ಹ್ಯೂ ನಗರಕ್ಕಾಗಿ ಸುಮಾರು ಒಂದು ತಿಂಗಳ ಕಾಲ ಘೋರ ಕದನ ನಡೆಯಿತು. ಮೆಕ್ಕಲಿನ್ ಹನ್ನೊಂದು ದಿನ ಅಮೆರಿಕನ್ ಸೈನಿಕರ ಜೊತೆಗಿದ್ದರು. ಶೆಲ್‌ಗಳ ಸದ್ದಿನಿಂದ ಮನಸ್ಸು ಮರಗಟ್ಟಿ, ಬಂದೂಕಿನ ನಳಿಕೆಯನ್ನು ಎರಡೂ ಕೈಗಳಿಂದ ಹಿಡಿದು ಶೂನ್ಯವನ್ನು ದಿಟ್ಟಿಸುತ್ತಾ ಕುಳಿತ ಸೈನಿಕನ ಚಿತ್ರ ಅಲ್ಲಿಯದು. ಒಂದರ ಹಿಂದೊಂದು ಹಲವು ಬಾರಿ ಚಿತ್ರ ತೆಗೆದರೂ ಅವನು ರೆಪ್ಪೆ ಮಿಟುಕಿಸಲಿಲ್ಲ. ಆ ಚಿತ್ರದಲ್ಲಿ ರಕ್ತವಿಲ್ಲ, ಶವವಿಲ್ಲ. ಆದರೂ ಯುದ್ಧವು ಗೆಲ್ಲಲು ಹೊರಟವನನ್ನೂ ಏನು ಮಾಡುತ್ತದೆ ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ಹೇಳಿದ ಚಿತ್ರ ವಿರಳ.

ಅದೇ ನಗರದಲ್ಲಿ ಉತ್ತರ ವಿಯೆಟ್ನಾಮಿನ ಯುವ ಸೈನಿಕನೊಬ್ಬನ ಶವ ಬಿದ್ದಿತ್ತು. ಅಮೆರಿಕನ್ ಸೈನಿಕರು ನೆನಪಿನ ವಸ್ತುಗಳಿಗಾಗಿ ಅವನ ಜೇಬುಗಳನ್ನು ತಡಕಾಡಿ, ಮನೆಯವರ ಚಿತ್ರಗಳನ್ನು ಎಸೆದು, ಸತ್ತವನನ್ನು ಹೀಯಾಳಿಸಿ ಹೋದರು. ಮೆಕ್ಕಲಿನ್ ಆ ಚದುರಿದ ವಸ್ತುಗಳನ್ನು ಒಟ್ಟುಗೂಡಿಸಿ ಶವದ ಮುಂದೆ ಇರಿಸಿ ಚಿತ್ರ ತೆಗೆದರು. ಅವನಿಗೂ ಮನೆಯಿತ್ತು, ಪ್ರೀತಿಸುವವರಿದ್ದರು ಎಂದು ಆ ವಸ್ತುಗಳು ಹೇಳಲಿ ಎಂಬುದು ಅವರ ಉದ್ದೇಶವಾಗಿತ್ತು.

ಉದ್ದೇಶ ಒಳ್ಳೆಯದು. ಆದರೆ ಸಾಕ್ಷಿಯು ಸಾಕ್ಷ್ಯವನ್ನು ಮುಟ್ಟಬಹುದೇ? ನ್ಯಾಯಾಲಯದಲ್ಲಿ ನಿಂತವನು ಸತ್ಯದ ಪರವಾಗಿಯೇ ಆದರೂ ಒಂದು ವಸ್ತುವನ್ನು ಸರಿಸಿದರೆ, ಅವನ ಉಳಿದೆಲ್ಲ ಮಾತುಗಳ ಮೇಲೂ ಸಂಶಯದ ನೆರಳು ಬೀಳುತ್ತದೆ. ಮೆಕ್ಕಲಿನ್ ಈ ಕೃತ್ಯವನ್ನು ಅಡಗಿಸಲಿಲ್ಲ. ತಾನು ಹಾಗೆ ಮಾಡಿದ್ದೇನೆಂದೂ, ಯಾಕೆ ಮಾಡಿದೆನೆಂದೂ ತಾನಾಗಿ ಬಹಿರಂಗಪಡಿಸಿದರು. ಅವರ ಹೇಳಿಕೆಯಿಂದಲೇ ಜಗತ್ತಿಗೆ ಇದು ತಿಳಿಯಿತು. ಆದ್ದರಿಂದಲೇ ಅವರ ಉಳಿದ ಚಿತ್ರಗಳನ್ನು ನಾವು ನಂಬುತ್ತೇವೆ. ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ಹಳೆಯ ಚಿತ್ರಕ್ಕೆ ಹೊಸ ಊರಿನ ಹೆಸರು ಹಚ್ಚಿ ಹಂಚುವವರು, ಸದುದ್ದೇಶವೇ ಸಾಕು ಎಂದು ವಾದಿಸುವವರು ಇದನ್ನು ಆಲೋಚಿಸಲಿ. ಒಂದು ಸುಳ್ಳು ಚಿತ್ರ ನೂರು ನಿಜ ಚಿತ್ರಗಳನ್ನು ಕೊಲ್ಲುತ್ತದೆ. ಅನ್ಯಾಯಕ್ಕೊಳಗಾದವರಿಗೆ ಅದರಷ್ಟು ದ್ರೋಹ ಬೇರೆ ಇಲ್ಲ.

ನಮ್ಮ ಗಡಿಯಿಂದ ಬೈರೂತಿನವರೆಗೆ

1971ರಲ್ಲಿ ಪೂರ್ವ ಪಾಕಿಸ್ತಾನದ ಮೇಲೆ ಅದರದ್ದೇ ಸೇನೆ ಎರಗಿದಾಗ ಸುಮಾರು ಒಂದು ಕೋಟಿ ಜನ ಭಾರತದೊಳಗೆ ಹರಿದು ಬಂದರು. ಮಳೆಗಾಲದ ಕೆಸರು, ಶಿಬಿರಗಳಲ್ಲಿ ಕಾಲರಾ. ಮೆಕ್ಕಲಿನ್ ಆ ಗಡಿಯಲ್ಲಿ ನಡೆದಾಡಿ, ಮಡಿಲಲ್ಲೇ ಮಕ್ಕಳನ್ನು ಕಳೆದುಕೊಂಡವರ ಚಿತ್ರಗಳನ್ನು ತೆಗೆದರು. ಧರ್ಮದ ಹೆಸರಿನಲ್ಲಿ ಕಟ್ಟಿದ ರಾಷ್ಟ್ರವೊಂದರ ಸೇನೆ ತನ್ನದೇ ಧರ್ಮೀಯರನ್ನೂ ಹಿಂದೂಗಳನ್ನೂ ಕೊಂದ ಆ ವರ್ಷವನ್ನು ಕುರಿತು ನಮ್ಮ ಸಮುದಾಯದಲ್ಲಿ ನಡೆದ ಚರ್ಚೆ ಸಾಕಷ್ಟಿಲ್ಲ ಎಂದೇ ನಮಗನಿಸುತ್ತದೆ.

1976ರ ಜನವರಿಯಲ್ಲಿ ಅವರು ಲೆಬನಾನಿನ ಬೈರೂತಿನಲ್ಲಿದ್ದರು. ಅಂತರ್ಯುದ್ಧ ಶುರುವಾಗಿತ್ತು. ಕರಂತೀನಾ ಎಂಬ ಕೊಳೆಗೇರಿಗೆ ಫಲಾಂಜ್ ಮತ್ತಿತರ ಕ್ರೈಸ್ತ ಸಶಸ್ತ್ರ ಗುಂಪುಗಳು ನುಗ್ಗಿ, ಅಲ್ಲಿದ್ದ ಫೆಲೆಸ್ತೀನಿಯರನ್ನೂ ಇತರ ಬಡ ಮುಸ್ಲಿಮರನ್ನೂ ನೂರಾರು ಸಂಖ್ಯೆಯಲ್ಲಿ ಕೊಂದವು. ಚಿತ್ರ ತೆಗೆದರೆ ಜೀವ ಉಳಿಯದೆಂದು ಅವರನ್ನು ಬೆದರಿಸಲಾಯಿತು. ಆದರೂ ಬೀದಿಯಲ್ಲಿ ಬಿದ್ದಿದ್ದ ಫೆಲೆಸ್ತೀನಿ ಹುಡುಗಿಯ ಶವದ ಮುಂದೆ ಯುವಕನೊಬ್ಬ ತಂತಿವಾದ್ಯ ನುಡಿಸುತ್ತಾ, ಗೆಳೆಯರು ನಗುತ್ತಾ ನಿಂತ ದೃಶ್ಯವನ್ನು ಅವರು ಸೆರೆಹಿಡಿದರು. ಚಿತ್ರ ಪ್ರಕಟವಾದ ಮೇಲೆ ಆ ಗುಂಪುಗಳ ಕಣ್ಣಿಗೆ ಅವರು ಶತ್ರುವಾದರು.

ಇಲ್ಲಿ ಮಾತು ನಿಲ್ಲಿಸಿದರೆ ನಾವು ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಕರಂತೀನಾ ನಡೆದ ಎರಡು ದಿನಗಳಲ್ಲೇ ದಾಮೂರ್ ಎಂಬ ಕ್ರೈಸ್ತರ ಪಟ್ಟಣದ ಮೇಲೆ ಫೆಲೆಸ್ತೀನಿ ಮತ್ತು ಅವರ ಮಿತ್ರ ಗುಂಪುಗಳು ದಾಳಿ ಮಾಡಿ ನೂರಾರು ನಾಗರಿಕರನ್ನು ಕೊಂದವು. ಒಂದು ಕಡೆಯ ಹೆಣಗಳು ಇನ್ನೊಂದು ಕಡೆ ಹೆಣ ಬೀಳಿಸಲು ನೆಪವಾದವು. ದುಃಖದ ಚಿತ್ರವೊಂದು ನಮ್ಮೊಳಗೆ ನ್ಯಾಯದ ಬಯಕೆಯನ್ನು ಹುಟ್ಟಿಸಬಲ್ಲದು, ಸೇಡಿನ ಉರಿಯನ್ನೂ ಹೊತ್ತಿಸಬಲ್ಲದು. ಇವೆರಡರಲ್ಲಿ ಯಾವುದು ಎಂಬುದನ್ನು ತೀರ್ಮಾನಿಸುವವರು ನೋಡುವ ನಾವು.

1982ರಲ್ಲಿ ಇಸ್ರೇಲ್ ಬೈರೂತನ್ನು ಮುತ್ತಿದಾಗ ಅವರು ಮತ್ತೆ ಅಲ್ಲಿಗೆ ಹೋದರು. ಸಬ್ರಾದ ಮಾನಸಿಕ ರೋಗಿಗಳ ಆಸ್ಪತ್ರೆಯ ಮೇಲೂ ಶೆಲ್‌ಗಳು ಬಿದ್ದಿದ್ದವು. ಅಲ್ಲಿನ ಮಕ್ಕಳ ಸ್ಥಿತಿಯನ್ನು ತೋರುವ ಚಿತ್ರಗಳು ನೋಡಲಾಗದಷ್ಟು ಕಠೋರ. ಅದೇ ದಿನಗಳಲ್ಲಿ, ಬಾಂಬಿಗೆ ಉರುಳಿದ ಕಟ್ಟಡದಡಿ ಕುಟುಂಬವನ್ನು ಕಳೆದುಕೊಂಡ ಮಹಿಳೆಯೊಬ್ಬರ ಚಿತ್ರವನ್ನು ಅವರು ತೆಗೆದರು. ಆಕೆ ರೋಷದಿಂದ ನುಗ್ಗಿ ಬಂದು ಅವರನ್ನು ಎರಡೂ ಕೈಗಳಿಂದ ಹೊಡೆದರು. ಅವರು ತಿರುಗಿ ಮಾತಾಡಲಿಲ್ಲ. ಆ ಮಹಿಳೆಯೂ ಬಳಿಕ ಸ್ಫೋಟವೊಂದರಲ್ಲಿ ಸತ್ತರೆಂದು ಅವರಿಗೆ ತಿಳಿದುಬಂತು. ಆಕೆಯ ಹೊಡೆತ ನ್ಯಾಯವಾದುದೆಂದೇ ಅವರು ಭಾವಿಸಿದರು. ಸೈಪ್ರಸಿನ ಮನೆಯಲ್ಲಿ ದೊರೆತ ಅನುಮತಿ ಬೈರೂತಿನ ಬೀದಿಯಲ್ಲಿ ದೊರೆತಿರಲಿಲ್ಲ. ಶೋಕದಲ್ಲಿರುವವರಿಗೆ ಒಪ್ಪುವ ಹಕ್ಕಿರುವಂತೆ ನಿರಾಕರಿಸುವ ಹಕ್ಕೂ ಇದೆ.

ಚಿತ್ರಗಳಿಗೆ ಬಾಗಿಲು ಮುಚ್ಚಿದವರು

ಮೆಕ್ಕಲಿನ್ 1966ರಿಂದ 1984ರವರೆಗೆ ಲಂಡನ್ನಿನ 'ಸಂಡೇ ಟೈಮ್ಸ್' ಪತ್ರಿಕೆಯ ವಾರದ ಪುರವಣಿಗಾಗಿ ದುಡಿದರು. ಕಾಂಬೋಡಿಯಾದಲ್ಲಿ ಅವರಿಗೆ ತಗಲಬೇಕಾಗಿದ್ದ ಗುಂಡು ಕ್ಯಾಮರಾಕ್ಕೆ ತಗಲಿ ಅವರು ಉಳಿದುಕೊಂಡರು. 1970ರಲ್ಲಿ ಅಲ್ಲಿಯೇ ಮೋರ್ಟಾರ್ ಸಿಡಿದು ಗಾಯಗೊಂಡರು. 1972ರಲ್ಲಿ ಇದಿ ಅಮೀನನ ಉಗಾಂಡದಲ್ಲಿ ಕೆಲವು ದಿನ ಸೆರೆಮನೆ ಕಂಡರು. ಆದರೆ ಅವರನ್ನು ತಡೆದದ್ದು ಗುಂಡೂ ಅಲ್ಲ, ಸೆರೆಮನೆಯೂ ಅಲ್ಲ. 1982ರ ಫಾಕ್‌ಲ್ಯಾಂಡ್ ಯುದ್ಧಕ್ಕೆ ಹೊರಟ ತಮ್ಮದೇ ದೇಶದ ಸೇನೆಯ ಜೊತೆ ತೆರಳಲು ಬ್ರಿಟಿಷ್ ಅಧಿಕಾರಿಗಳು ಅವರಿಗೆ ಅನುಮತಿ ಕೊಡಲಿಲ್ಲ. ಇನ್ನೊಂದು ಕಡೆ, 1981ರಲ್ಲಿ ಪತ್ರಿಕೆಯ ಒಡೆತನ ರೂಪರ್ಟ್ ಮರ್ಡೋಕ್ ಅವರ ಕೈಸೇರಿತು. ಪುರವಣಿಯ ಪುಟಗಳು ಸುಖಜೀವನದ ವಿಷಯಗಳತ್ತ ಹೊರಳಿದವು. ದುಬಾರಿ ವಸ್ತುಗಳ ಜಾಹೀರಾತಿನ ಪಕ್ಕದಲ್ಲಿ ಹಸಿದ ಮಗುವಿನ ಚಿತ್ರ ಹೊಂದಿಕೆಯಾಗುವುದಾದರೂ ಹೇಗೆ? ಈ ಬದಲಾವಣೆಯನ್ನು ಬಹಿರಂಗವಾಗಿ ಟೀಕಿಸಿದ ಮೆಕ್ಕಲಿನ್ 1984ರಲ್ಲಿ ಅಲ್ಲಿಂದ ಹೊರನಡೆಯಬೇಕಾಯಿತು.

ಆಳುವವರು ವಿಯೆಟ್ನಾಮಿನಿಂದ ಒಂದು ಪಾಠ ಕಲಿತಿದ್ದರು. ಯುದ್ಧವನ್ನು ನಿಲ್ಲಿಸಬೇಕೆಂಬ ಪಾಠವನ್ನಲ್ಲ, ಯುದ್ಧದ ಚಿತ್ರಗಳನ್ನು ನಿಲ್ಲಿಸಬೇಕೆಂಬ ಪಾಠವನ್ನು. 1991ರ ಕೊಲ್ಲಿ ಯುದ್ಧದಲ್ಲಿ ಸೇನೆ ಆಯ್ದ ಪತ್ರಕರ್ತರ ತಂಡಗಳಿಗೆ ಮಾತ್ರ ಪ್ರವೇಶ. 2003ರ ಇರಾಕ್ ಆಕ್ರಮಣದಲ್ಲಿ ಸೇನೆಯ ತುಕಡಿಯೊಳಗೇ ಪತ್ರಕರ್ತನ ವಾಸ. 2023ರ ಅಕ್ಟೋಬರ್‌ನಲ್ಲಿ ಗಾಝಾದಲ್ಲಿ ಯುದ್ಧ ಆರಂಭವಾದಾಗ ವಿದೇಶಿ ಪತ್ರಕರ್ತರ ಸ್ವತಂತ್ರ ಪ್ರವೇಶವನ್ನೇ ಇಸ್ರೇಲ್ ತಡೆಯಿತು. ಅಲ್ಲಿಂದ ನಮಗೆ ತಲುಪಿದ ಚಿತ್ರಗಳನ್ನು ತೆಗೆದವರು ಅಲ್ಲಿಯ ಮಣ್ಣಿನ ಮಕ್ಕಳೇ. ತಮ್ಮ ಮನೆಯವರ ಶವಗಳ ನಡುವೆಯೇ ಕೆಲಸ ಮಾಡಿದ ಅವರಲ್ಲಿ ಅನೇಕರು ಕೊಲ್ಲಲ್ಪಟ್ಟರು. ಮೆಕ್ಕಲಿನ್ ಅವರಿಗೆ ಮರಳಿ ಹೋಗಲು ಲಂಡನ್ ಇತ್ತು. ಇವರಿಗೆ ಮರಳಲು ಬೇರೊಂದು ಊರಿರಲಿಲ್ಲ.

ನಮ್ಮ ದೇಶದ ದಾನಿಶ್ ಸಿದ್ದೀಕಿ ಅವರನ್ನು ಈ ಹೊತ್ತಿನಲ್ಲಿ ಸ್ಮರಿಸದಿರಲಾಗದು. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ ಓದಿದ ಅವರು ರಾಯ್ಟರ್ಸ್ ಸಂಸ್ಥೆಯ ಛಾಯಾಗ್ರಾಹಕರಾಗಿ ರೋಹಿಂಗ್ಯಾ ನಿರಾಶ್ರಿತರ ಯಾತನೆಯನ್ನು ಜಗತ್ತಿನ ಮುಂದಿಟ್ಟರು. ದೋಣಿಯಿಂದಿಳಿದ ಮಹಿಳೆಯೊಬ್ಬರು ದಡದ ಮರಳನ್ನು ಕೈಯಿಂದ ಮುಟ್ಟುವ 2017ರ ಆ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 2018ರ ಪುಲಿಟ್ಝರ್ ಪ್ರಶಸ್ತಿ ಪಡೆದ ತಂಡದಲ್ಲಿ ಅವರಿದ್ದರು. 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ, ಅಫ್ಘಾನ್ ಸೇನೆ ಮತ್ತು ತಾಲಿಬಾನ್ ನಡುವಿನ ಕಾಳಗವನ್ನು ವರದಿ ಮಾಡುತ್ತಿದ್ದಾಗ ಅವರು ಹತರಾದರು.

ಚಿತ್ರಗಳು ಏನು ಮಾಡಿದವು?

ಕೊನೆಯದಾಗಿ, ಅತ್ಯಂತ ಕಷ್ಟದ ಪ್ರಶ್ನೆ. ಇಷ್ಟೆಲ್ಲ ಚಿತ್ರಗಳಿಂದ ಯುದ್ಧ ನಿಂತಿತೇ? ಇಲ್ಲ ಎಂದು ಮೆಕ್ಕಲಿನ್ ಅವರೇ ನೇರವಾಗಿ ಹೇಳಿದ್ದಾರೆ. ಒಂದು ಯುದ್ಧ ಮುಗಿಯುವಷ್ಟರಲ್ಲಿ ಇನ್ನೊಂದು ಬಂತು. 2012ರಲ್ಲಿ, ತಮ್ಮ 77ನೇ ವಯಸ್ಸಿನಲ್ಲಿ, ಅವರು ಸಿರಿಯಾದ ಅಲೆಪ್ಪೊಗೆ ತೆರಳಿದಾಗ ಅಲ್ಲಿ ಕಂಡದ್ದೂ ಅವೇ ಮುಖಗಳು. 2017ರಲ್ಲಿ ಬ್ರಿಟನ್ ಅವರಿಗೆ ನೈಟ್ ಪದವಿ ನೀಡಿತು. 2019ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್ ಕಲಾ ಗ್ಯಾಲರಿ ಅವರ 250ಕ್ಕೂ ಹೆಚ್ಚು ಚಿತ್ರಗಳನ್ನು ಪ್ರದರ್ಶಿಸಿತು. ಅವೆಲ್ಲವನ್ನೂ ಅವರು ತಮ್ಮ ಡಾರ್ಕ್ ರೂಮಿನಲ್ಲಿ ಸ್ವತಃ ಮುದ್ರಿಸಿದ್ದರು. ಆದರೂ ತನ್ನನ್ನು ಕಲಾವಿದನೆಂದು ಕರೆಯುವುದಕ್ಕೆ ಅವರ ಒಪ್ಪಿಗೆಯಿರಲಿಲ್ಲ. ಇತರರ ನೋವು ತನ್ನ ಕೀರ್ತಿಯಾಯಿತು ಎಂಬ ಅಳುಕು ಅವರನ್ನು ಕಾಡುತ್ತಲೇ ಇತ್ತು. ಸಾಮರ್ಸೆಟ್ ಪ್ರಾಂತದ ಮನೆಯ ಸುತ್ತಲ ಹೊಲಗಳನ್ನೂ ಮೋಡಗಳನ್ನೂ ಚಿತ್ರಿಸಿ ಮನಸ್ಸನ್ನು ಹಗುರಗೊಳಿಸಲು ಯತ್ನಿಸಿದರು. ಆ ಚಿತ್ರಗಳಲ್ಲೂ ಕತ್ತಲೇ ಹೆಚ್ಚು.

ಹಾಗಿದ್ದರೆ ಅವರ ಬದುಕು ವ್ಯರ್ಥವಾಯಿತೇ? ನಾವು ಹಾಗೆ ತಿಳಿಯುವುದಿಲ್ಲ. ಸಾಕ್ಷಿ ಹೇಳುವವನ ಕೈಯಲ್ಲಿ ತೀರ್ಪು ಇರುವುದಿಲ್ಲ. ಕಂಡದ್ದನ್ನು ಕಂಡಂತೆ ಹೇಳುವುದಷ್ಟೇ ಅವನ ಹೊಣೆ. ತೀರ್ಪು ಕೊಡಬೇಕಾದವರು ಆ ಸಾಕ್ಷ್ಯವನ್ನು ಕೈಯಲ್ಲಿ ಹಿಡಿದ ನಾವು. ಬಿಯಾಫ್ರಾದ ಬಾಲಕನ ಚಿತ್ರ ನೋಡಿಯೂ ಶಸ್ತ್ರಾಸ್ತ್ರ ಮಾರಾಟ ಮುಂದುವರಿದಿದ್ದರೆ ಅದು ಚಿತ್ರದ ಸೋಲಲ್ಲ.

ಇನ್ನೊಂದನ್ನು ಗಮನಿಸಿ. ಸೈಪ್ರಸಿನಲ್ಲಿ ಅವರು ಕಂಡ ಶೋಕ ಮುಸ್ಲಿಮರದು, ಬಿಯಾಫ್ರಾದಲ್ಲಿ ಬಹುತೇಕ ಕ್ರೈಸ್ತರದು, ಭಾರತದ ಗಡಿಯಲ್ಲಿ ಹಿಂದೂ ಮುಸ್ಲಿಮರಿಬ್ಬರದು, ಹ್ಯೂ ನಗರದಲ್ಲಿ ಯಾವ ದೇವರನ್ನೂ ಒಪ್ಪದ ಆಡಳಿತದ ಸೈನಿಕನೊಬ್ಬನದು. ಎಲ್ಲರ ಮುಂದೆಯೂ ಅವರು ಒಂದೇ ರೀತಿಯಲ್ಲಿ ನಿಂತರು. ಸತ್ತವರ ಹೆಸರು ಕೇಳಿದ ಮೇಲೆ ಅಳಬೇಕೋ ಬೇಡವೋ ಎಂದು ತೀರ್ಮಾನಿಸುವ ರೋಗ ಎಲ್ಲ ಸಮುದಾಯಗಳಲ್ಲೂ ಇದೆ. ನಮ್ಮಲ್ಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆವೇ?

ಮನೆಗೆ ಹೋದ ಮೇಲೆ ನಾವು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮೊಬೈಲಿಗೆ ಬಂದ ಚಿತ್ರವನ್ನು ಮುಂದಕ್ಕೆ ಕಳುಹಿಸುವ ಮೊದಲು ಅದು ಎಲ್ಲಿಯದು, ಯಾವಾಗಿನದು ಎಂದು ವಿಚಾರಿಸೋಣ. ತಿಳಿಯದಿದ್ದರೆ ಕಳುಹಿಸದಿರೋಣ. ಛಿದ್ರಗೊಂಡ ದೇಹದ ಚಿತ್ರ ಬಂದರೆ, ಅದು ನಮ್ಮ ಮನೆಯ ಮಗುವಾಗಿದ್ದರೆ ಊರೆಲ್ಲ ನೋಡಲೆಂದು ಬಯಸುತ್ತಿದ್ದೆವೇ ಎಂದು ಕೇಳಿಕೊಳ್ಳೋಣ. ಮಕ್ಕಳ ಕೈಗೆ ಅಂತಹ ಚಿತ್ರ ಸಿಕ್ಕಿದ್ದರೆ ಅವರನ್ನು ಹತ್ತಿರ ಕುಳ್ಳಿರಿಸಿ ಅದರ ಹಿಂದಿನ ಕತೆಯನ್ನು ಶಾಂತವಾಗಿ ಹೇಳೋಣ. ನಿಜವೆಂದು ತಿಳಿದ ಚಿತ್ರದ ಮುಂದೆ ಒಂದು ಕ್ಷಣವಾದರೂ ನಿಲ್ಲೋಣ. ಪರಿಹಾರ ನಿಧಿಗೆ ಕೊಡಲು ಸಾಧ್ಯವಿದ್ದರೆ ಕೊಡೋಣ, ಆಳುವವರನ್ನು ಪ್ರಶ್ನಿಸಲು ಅವಕಾಶವಿದ್ದಲ್ಲಿ ಪ್ರಶ್ನಿಸೋಣ.

ಒಬ್ಬ ಛಾಯಾಗ್ರಾಹಕ ಪ್ರಾಣವನ್ನು ಪಣಕ್ಕಿಟ್ಟು ತಂದ ಚಿತ್ರವನ್ನು ನಾವು ಒಂದು ಬೆರಳಿನಿಂದ ಸರಿಸಿಬಿಡುತ್ತೇವೆ. ಆ ಬೆರಳು ಸರಿಯುವ ಮುನ್ನ ತುಸು ತಡೆದರೆ, ಈ ಮಾತುಗಳನ್ನು ಆಡಿದ್ದಕ್ಕೂ ನೀವು ತಾಳ್ಮೆಯಿಂದ ಆಲಿಸಿದ್ದಕ್ಕೂ ಸಾರ್ಥಕ್ಯ ದೊರೆತಂತೆ.